ಆನ್‌ಲೈನ್ ಕ್ಲಾಸಿನಲ್ಲಿ ಮಕ್ಕಳನ್ನು ಮಾತಾಡಿಸುವುದು ಹೇಗೆ?

"ಅರ್ಥ ಆಯ್ತಾ?" ಎಂದು ಕೇಳುತ್ತೇವೆ. ಚಾಟ್‌ನಲ್ಲಿ ಸಾಲಾಗಿ "ಎಸ್ ಮೇಡಂ" ಬೀಳುತ್ತದೆ. ಆಮೇಲೆ ಮೌನ. ಮಕ್ಕಳಿಗೆ ಆಸಕ್ತಿ ಇಲ್ಲ ಎಂದು ಬೇಜಾರಾಗುತ್ತೇವೆ. ಆದರೆ ಆ ಪ್ರಶ್ನೆಗೆ ಬೇರೇನು ಉತ್ತರ ಇದೆ ಹೇಳಿ?

ಮೊದಲು ಪ್ರಶ್ನೆ ಬದಲಾಯಿಸಿ. ಅರ್ಥಶಾಸ್ತ್ರದ ಕ್ಲಾಸಿನಲ್ಲಿ "ಸಬ್ಸಿಡಿ ಎಂದರೇನು?" ಅಂದರೆ ಎಲ್ಲರೂ ಗೂಗಲ್ ನೋಡಿ ಒಂದೇ ಸಾಲು ಹಾಕುತ್ತಾರೆ. ಹೀಗೆ ಕೇಳಿ ನೋಡಿ: "2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಉಚಿತವಾಯಿತು. ನಿಮ್ಮ ಮನೆಯಲ್ಲಿ ಯಾರ ಓಡಾಟ ಜಾಸ್ತಿ ಆಯಿತು? ಉಳಿದ ದುಡ್ಡು ಎಲ್ಲಿಗೆ ಹೋಯಿತು?" ಬೀದರಿನ ಹುಡುಗಿ ಅಮ್ಮನ ಬಗ್ಗೆ ಹೇಳಬಹುದು. ಮಂಗಳೂರು, ಉಡುಪಿ ಕಡೆ ಖಾಸಗಿ ಬಸ್ಸೇ ಜಾಸ್ತಿ, ಅದರಲ್ಲಿ ದುಡ್ಡು ಕೊಡಲೇಬೇಕು. ಅಲ್ಲಿನ ಹುಡುಗ "ನಮಗೇನು ಸಿಕ್ಕಿತು?" ಎಂದು ಕೇಳಿಯೇ ಕೇಳುತ್ತಾನೆ. ಚರ್ಚೆ ಹುಟ್ಟುವುದು ಆಗಲೇ. ಸಬ್ಸಿಡಿಯ ವ್ಯಾಖ್ಯೆ ಆಮೇಲೆ ಹೇಳಿದರೂ ಸಾಕು.

ಕೇಳಿದ ಮೇಲೆ ಕಾಯಿರಿ. ಮೇಷ್ಟ್ರುಗಳು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮೂರು ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತದೆ, ಸುಮ್ನಿರುವವರೂ ಬಾಯಿ ತೆರೆಯುತ್ತಾರೆ. ಆನ್‌ಲೈನ್‌ನಲ್ಲಿ ಮ್ಯೂಟ್ ತೆಗೆಯೋಕೇ ಅಷ್ಟು ಹೊತ್ತು ಬೇಕು, ಅಲ್ವಾ? ಹಾಗಾಗಿ ಎರಡು ನಿಮಿಷ ಕೊಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ.

ನಂತರ ನಾಲ್ಕು ನಾಲ್ಕು ಜನರನ್ನು ಬ್ರೇಕ್‌ಔಟ್ ರೂಮಿಗೆ, ಅಂದರೆ ಅದೇ ಆನ್‌ಲೈನ್ ಕ್ಲಾಸಿನೊಳಗಿನ ಪುಟ್ಟ ಗುಂಪಿಗೆ, ಕಳಿಸಿ. ಅರವತ್ತು ಜನರ ಮುಂದೆ ಹೆದರುವವರು ಮೂವರ ಮುಂದೆ ಮಾತಾಡುತ್ತಾರೆ. ಕನ್ನಡದಲ್ಲೇ ಮಾತಾಡಲಿ, ದಯವಿಟ್ಟು ತಡೆಯಬೇಡಿ. ಇಂಗ್ಲಿಷ್ ಭಯದಿಂದ ಎಷ್ಟೋ ಒಳ್ಳೆಯ ಯೋಚನೆಗಳು ಒಳಗೇ ಉಳಿದುಹೋಗುತ್ತವೆ. ನೆಟ್‌ವರ್ಕ್ ಇಲ್ಲದವರು ರಾತ್ರಿ ಬರೆದು ಹಾಕಿದರೂ ಸರಿ, ಅದೂ ಚರ್ಚೆಯೇ.

ಅಂಕ ಕೊಡುವಾಗ ಎಷ್ಟು ಸಲ ಬರೆದರು ಎಂದು ಎಣಿಸಬೇಡಿ. "ಕನಿಷ್ಠ ಎರಡು ಪ್ರತಿಕ್ರಿಯೆ" ಎಂದು ನಿಯಮ ಮಾಡಿದರೆ "ಚೆನ್ನಾಗಿ ಬರೆದಿದ್ದೀರಿ" ಎಂಬುದೇ ಎರಡು ಸಲ ಬರುತ್ತದೆ. ಗೆಳೆಯರ ಒಂದು ಮಾತನ್ನು ಹಿಡಿದು, ಒಪ್ಪುತ್ತೀರೋ ಇಲ್ಲವೋ, ಯಾಕೆ ಎಂದು ಬರೆಯಲು ಹೇಳಿ.

ಮುಂದಿನ ಕ್ಲಾಸನ್ನು ಹಾಗೆ ಬರೆದವರಲ್ಲಿ ಒಬ್ಬರ ಮಾತಿನಿಂದಲೇ ಶುರುಮಾಡಿ. ಅವರ ಹೆಸರು ಹೇಳಿ, ಬರೆದದ್ದನ್ನು ಗಟ್ಟಿಯಾಗಿ ಓದಿ.