ಮೇಷ್ಟ್ರ ಮನೆ ದಾವೆ: ನನ್ನ ಅನುಭವ

ನಿವೃತ್ತ ಮೇಷ್ಟ್ರೊಬ್ಬರು ಕರಾರು ಪತ್ರ ಹಿಡಿದು ನನ್ನ ಆಫೀಸಿಗೆ ಬಂದಿದ್ದರು. ನಿವೃತ್ತಿಯ ದುಡ್ಡಲ್ಲಿ ಕಟ್ಟಿಸುತ್ತಿದ್ದ ಮನೆಯನ್ನು ಗುತ್ತಿಗೆದಾರ ಲಿಂಟಲ್ ಮಟ್ಟಕ್ಕೆ ಬಿಟ್ಟು ಹೋಗಿದ್ದ. “ಇಪ್ಪತ್ತು ಲಕ್ಷ ಹಾಕಿ ಸಾರ್, ಅವನಿಗೆ ಬುದ್ಧಿ ಬರಬೇಕು” ಅಂದರು.

ವಕೀಲಿಯಲ್ಲಿ ನನಗೆ ತೀರ ಕಷ್ಟವಾಗುವುದು ಇಂಥ ಗಳಿಗೆಯಲ್ಲೇ. ಅವರ ಸಿಟ್ಟು ನ್ಯಾಯವಾದದ್ದು. ಆದರೆ 1872ರ ಕರಾರು ಕಾಯ್ದೆಯ 73ನೇ ಕಲಂ ಆದ ನಷ್ಟವನ್ನು ತುಂಬಿಸುತ್ತದೆ, ಕರಾರು ಮುರಿದವನಿಗೆ ಶಿಕ್ಷೆ ಕೊಡುವುದಿಲ್ಲ. ಕೇಳಿದ ಮೊತ್ತದ ಮೇಲೆ ಕೋರ್ಟ್ ಫೀ ಬೇರೆ ಕಟ್ಟಬೇಕು.

“ತಡವಾದರೆ ತಿಂಗಳಿಗೆ 50,000 ದಂಡ ಅಂತ ಬರೆದಿದೆಯಲ್ಲ?” ಅಂದರು. ಬರೆದಿತ್ತು, ನಿಜ. 74ನೇ ಕಲಮಿನ ಪ್ರಕಾರ ಅದು ಗರಿಷ್ಠ ಮಿತಿ ಮಾತ್ರ. ನಷ್ಟವನ್ನು ರುಜುವಾತು ಮಾಡಲು ಸಾಧ್ಯವಿದ್ದರೆ ಮಾಡಲೇಬೇಕೆಂದು 2015ರಲ್ಲಿ ಕೈಲಾಶ್ ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮನೆ ಮುಗಿಯದೆ ಮೇಷ್ಟ್ರು ಕಟ್ಟುತ್ತಿದ್ದ ಬಾಡಿಗೆ ತಿಂಗಳಿಗೆ 9,000 ಮಾತ್ರ.

ನಷ್ಟ ತುಂಬಿಸುವುದರ ಜೊತೆಗೆ ಶಿಕ್ಷೆಯಾಗಿಯೂ ಹಣ ಕೊಡಿಸುವ, ಅಂದರೆ ದಂಡನಾ ಪರಿಹಾರದ, ಅಧಿಕಾರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನಲ್ಲಿದೆ. ಆ ಕಾಯ್ದೆಯಡಿ ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷದ ಗಡುವು. ಅದು ಮುಗಿದು ಎರಡು ತಿಂಗಳಾಗಿತ್ತು. ತಡ ಮನ್ನಿಸಿ ಎಂದು ಕೇಳಬಹುದಿತ್ತು. ಅದು ತಿರಸ್ಕಾರವಾಗುವ ಹೊತ್ತಿಗೆ ಸಿವಿಲ್ ದಾವೆಯ ಮೂರು ವರ್ಷವೂ ಕೈಜಾರಿದರೆ ಎಂಬ ಭಯ ನನಗೆ. ಮೊದಲೇ ಬಂದಿದ್ದರೆ ಎಂದು ಇವತ್ತಿಗೂ ಅನಿಸುತ್ತದೆ.

ಸಿವಿಲ್ ದಾವೆ ಹಾಕಿದೆವು. ಹೊಸ ಮೇಸ್ತ್ರಿ ಕೈ ಹಚ್ಚುವ ಮೊದಲೇ ಸ್ಥಳ ನೋಡಿ ವರದಿ ಕೊಡುವ ಕೋರ್ಟ್ ಕಮಿಷನರ್ ನೇಮಕಕ್ಕೆ ಅರ್ಜಿ ಕೊಟ್ಟೆ. ಒಂದು ದಿನ ತಡವಾದರೂ ಸಾಕ್ಷ್ಯ ಪ್ಲಾಸ್ಟರಿನಡಿ ಮುಚ್ಚಿಹೋಗುತ್ತದೆ. ಕಂಬಗಳಿಂದ ಚಾಚಿದ್ದ ಸರಳುಗಳನ್ನು ಕಮಿಷನರ್ ಉಜ್ಜಿದಾಗ ತುಕ್ಕು ಪುಡಿಪುಡಿಯಾಗಿ ಅಂಗೈಗೆ ಉದುರಿತು.

ಪಾಟಿ ಸವಾಲಿನಲ್ಲಿ ನಾನು ಹೆದರಿದ್ದ ಪ್ರಶ್ನೆಯೇ ಬಂತು: “ಇಷ್ಟು ದಿನ ಬೇರೆಯವರಿಂದ ಕೆಲಸ ಯಾಕೆ ಮಾಡಿಸಲಿಲ್ಲ?” ನಷ್ಟ ಬೆಳೆಯದಂತೆ ನೋಡಿಕೊಳ್ಳುವ ಹೊಣೆ ಕೇಳುವವನ ಮೇಲೂ ಇದೆ. “ಮುಂದಿನ ವಾರ ಬರ್ತೀನಿ ಮೇಷ್ಟ್ರೇ” ಎಂಬ ವಾಟ್ಸಾಪ್ ಸಂದೇಶಗಳನ್ನು ಹಾಜರುಪಡಿಸಿದ್ದೆ. ಅವು ಹದಿನಾಲ್ಕು ತಿಂಗಳವರೆಗೆ ಇದ್ದವು. ಬಾಡಿಗೆಯೂ ಅಷ್ಟೇ ತಿಂಗಳದ್ದು ಸಿಕ್ಕಿತು: 1,26,000. ಉಳಿದ ಕೆಲಸಕ್ಕೆ ಆದ ಹೆಚ್ಚುವರಿ ಖರ್ಚು, ಬಿಲ್ ಇದ್ದಷ್ಟು, 4,10,000. ಮನಸ್ಸಿಗಾದ ನೋವಿಗೆ ಏನೂ ಇಲ್ಲ.

ತೀರ್ಪಿನ ಪ್ರತಿ ಕೊಟ್ಟಾಗ ಮೇಷ್ಟ್ರು ಮೊತ್ತ ನೋಡಲಿಲ್ಲ. “ಅವನದು ತಪ್ಪು ಅಂತ ಬರೆದಿದಾರಾ?” ಅಂದರು. ಪ್ರತಿವಾದಿ ಕರಾರು ಮುರಿದಿದ್ದಾನೆಂಬ ಸಾಲು ತೋರಿಸಿದೆ. ಬೆರಳಿಟ್ಟು ಎರಡು ಸಲ ಓದಿ, ಆ ಒಂದು ಪುಟದ ಜೆರಾಕ್ಸ್ ಬೇರೆ ಮಾಡಿಸಿಕೊಂಡು ಹೋದರು.