ಲೋಟ ಬಿಡಿಸುವ ಮೊದಲು ಡಬ್ಬಿ ಬಿಡಿಸಿ

ಮೊದಲು ರಬ್ಬರ್ ಪಕ್ಕಕ್ಕಿಡಿ. ಒಂದು ಬಾಲ್‌ಪೆನ್, ಗೆರೆಯಿಲ್ಲದ ಹಾಳೆ ಇದ್ದರೆ ಮನೆಯ ವಸ್ತುಗಳ ಚಿತ್ರ ಬಿಡಿಸಲು ಸಾಕು. ಮೆಲ್ಲಗೆ ಎಳೆದರೆ ಬಾಲ್‌ಪೆನ್ನಿನಲ್ಲೂ ತೆಳು ಗೆರೆ ಬರುತ್ತದೆ. ತಪ್ಪಿದ ಗೆರೆ ಹಾಗೇ ಇರಲಿ, ಸರಿಯಾದದ್ದನ್ನು ಒತ್ತಿ ಎಳೆದರೆ ಕಣ್ಣು ಅದನ್ನೇ ಹಿಡಿಯುತ್ತದೆ.

ಶುರು ಬೆಂಕಿಪೊಟ್ಟಣದಿಂದ. ಅದರ ಒಂದು ಮೂಲೆ ನಿಮ್ಮ ಕಡೆ ಬರುವಂತೆ ಮೇಜಿನ ಮೇಲಿಡಿ. ಹಾಳೆಯ ಮೇಲ್ಗಡೆ ಒಂದು ಅಡ್ಡಗೆರೆ ಹಾಕಿ, ಅದು ನಿಮ್ಮ ಕಣ್ಣಿನ ಮಟ್ಟ. ಅದರ ಮೇಲೆ ಎಡಕ್ಕೊಂದು, ಬಲಕ್ಕೊಂದು ಚುಕ್ಕಿ, ಇವೇ ದೂರ ಸಾಗುವ ಅಂಚುಗಳು ಕೂಡುವಂತೆ ಕಾಣುವ ಜಾಗ, ಅಂದರೆ ವ್ಯಾನಿಶಿಂಗ್ ಪಾಯಿಂಟ್‌ಗಳು. ನಿಂತ ಅಂಚುಗಳು ನೆಟ್ಟಗಿರಲಿ, ಉಳಿದವು ಎಡಕ್ಕೆ ಹೋಗುವಂಥವಾದರೆ ಎಡಚುಕ್ಕಿಗೆ, ಬಲಕ್ಕೆ ಹೋಗುವಂಥವಾದರೆ ಬಲಚುಕ್ಕಿಗೆ ಸಾಗಲಿ. ಚುಕ್ಕಿಗಳನ್ನು ಹತ್ತಿರ ಇಟ್ಟರೆ ಪುಟ್ಟ ಪೊಟ್ಟಣವೂ ಬಹುಮಹಡಿ ಕಟ್ಟಡದ ಥರ ಕಾಣುತ್ತದೆ, ಆದ್ದರಿಂದ ಆದಷ್ಟು ದೂರ ಇಡಿ, ಹಾಳೆಯ ಆಚೆ ಹೋದರೂ ಪರವಾಗಿಲ್ಲ, ಅಂದಾಜಿನಲ್ಲೇ ಎಳೆಯಿರಿ. ಹಿಂದಿನ ಕಾಣದ ಅಂಚುಗಳನ್ನೂ ಬಿಡಿಸಿ, ಡಬ್ಬಿ ಗಾಜಿನದು ಅನ್ನುವ ಹಾಗೆ. ಎಲ್ಲಿ ಸೊಟ್ಟಗಾಗಿದೆ ಅಂತ ಅವೇ ಹೇಳಿಬಿಡುತ್ತವೆ.

ಈಗ ಲೋಟ. ಎಲ್ಲರೂ ಎಡವುವುದು ಇಲ್ಲೇ. ಬಾಯಿಯನ್ನು ಗುಂಡಗೆ ಬಿಡಿಸಿ ತಳಕ್ಕೆ ಮಾತ್ರ ನೇರ ಗೆರೆ ಎಳೆಯುತ್ತೇವೆ, ಯಾಕಂದ್ರೆ ಲೋಟ ಮೇಜಿನ ಮೇಲೆ ಸಪಾಟಾಗಿ ಕೂತಿದೆ ಅಂತ ತಲೆಗೆ ಗೊತ್ತು. ನಾನೂ ತುಂಬಾ ದಿನ ಹಾಗೇ ಮಾಡಿದೆ, ಪ್ರತಿ ಲೋಟವೂ ರಟ್ಟಿನಲ್ಲಿ ಕತ್ತರಿಸಿದ ಹಾಗೆ ಬರುತ್ತಿತ್ತು. ಒಂದು ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ: ಬಾಯಿ ಬರೀ ಗೆರೆ. ನಿಧಾನಕ್ಕೆ ಇಳಿಸಿ, ಗೆರೆ ತೆರೆದುಕೊಳ್ಳುತ್ತಾ ಎಲಿಪ್ಸ್, ಅಂದರೆ ಅದುಮಿದ ವೃತ್ತ, ಆಗುತ್ತದೆ. ಕೆಳಗೆ ಹೋದಷ್ಟೂ ಜಾಸ್ತಿ ತೆರೆಯುತ್ತದೆ ಅಲ್ವಾ? ಹಾಗಾಗಿ ಮೇಜಿನ ಮೇಲಿನ ಲೋಟದ ತಳ ಬಾಯಿಗಿಂತ ಸ್ವಲ್ಪ ಹೆಚ್ಚೇ ದುಂಡಗಿರಬೇಕು. ಎಲಿಪ್ಸಿನ ತುದಿಗಳು ಬಾದಾಮಿಯಂತೆ ಚೂಪಾಗಬಾರದು. ಪೆನ್ ತಾಗಿಸುವ ಮೊದಲು ಗಾಳಿಯಲ್ಲಿ ಎರಡು ಮೂರು ಸುತ್ತು ಹಾಕಿ, ಮಣಿಕಟ್ಟಿನ ಬದಲು ಭುಜದಿಂದ ಕೈ ಆಡಿಸಿ, ಒಂದೇ ಓಟಕ್ಕೆ ಬಿಡಿಸಿ.

ಮಲಗಿಸಿದ ಟಾರ್ಚ್ ಆದರೆ ಮೊದಲು ಅದರ ಉದ್ದಕ್ಕೂ ನಡುಗೆರೆ ಎಳೆಯಿರಿ. ಎಲಿಪ್ಸಿನ ಗಿಡ್ಡ ಅಗಲ ಆ ಗೆರೆಯ ಮೇಲೇ ಕೂರಬೇಕು, ಉದ್ದ ಅಗಲ ಅದಕ್ಕೆ ಅಡ್ಡಲಾಗಿ. ಇದೊಂದು ಕೈಗೆ ಹತ್ತಿದರೆ ಬಾಟಲಿ, ಗಾಲಿ, ಗುಂಡಿ ಎಲ್ಲವೂ ಬರುತ್ತವೆ.

ಇಸ್ತ್ರಿ ಪೆಟ್ಟಿಗೆಯಂಥ ವಸ್ತುವಾದರೆ ಮೊದಲು ಡಬ್ಬಿ ಬಿಡಿಸಿ, ಅದರೊಳಗಿಂದ ಕೆತ್ತಿದ ಹಾಗೆ ತೆಗೆಯಿರಿ. ಡಬ್ಬಿಯ ಮುಖದ ನಡುಭಾಗ ಬೇಕಾದಾಗ ಸ್ಕೇಲಿನಿಂದ ಅಳೆಯಬೇಡಿ, ದೂರದ ಅರ್ಧ ಚಿಕ್ಕದಾಗಿ ಕಾಣುವುದರಿಂದ ಅಳತೆ ಸುಳ್ಳಾಗುತ್ತದೆ. ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆಯಿರಿ, ಅವು ಕೂಡುವಲ್ಲೇ ನಡುಬಿಂದು. ಹಿಡಿಯನ್ನು ಅಲ್ಲಿಂದ ಎಬ್ಬಿಸಿ.

ಶೇಡಿಂಗ್‌ಗೆ ಮೂರೇ ಛಾಯೆ ಸಾಕು: ಮೇಲ್ಮುಖ ಬಿಳಿ, ಒಂದು ಮಗ್ಗುಲು ತೆಳು, ಇನ್ನೊಂದು ಗಾಢ. ಹೊರ ಅಂಚನ್ನು ಸ್ವಲ್ಪ ದಪ್ಪ ಮಾಡಿ.

ಆಮೇಲೆ ಅದೇ ವಸ್ತುವನ್ನು ಬಚ್ಚಿಟ್ಟು, ಹಿಂದಿನಿಂದ ಹೇಗೆ ಕಾಣಬಹುದು ಅಂತ ನೋಡದೆ ಬಿಡಿಸಿ. ನಂತರ ಹೊರತೆಗೆದು, ತಿರುಗಿಸಿಟ್ಟು ಹೋಲಿಸಿ.