ಬೇಸಿಗೆ ಶಿಬಿರ ಬಿಟ್ಟು ಮಳೆಗಾಲ ಹಿಡಿದೆವು

ನಮ್ಮೂರು ಸಿದ್ದಾಪುರ ತಾಲೂಕಿನ ಒಂದು ಮೂಲೆಯಲ್ಲಿದೆ. ದನ ಸಾಕುವುದು ಬಿಟ್ಟ ಮೇಲೆ ನಮ್ಮ ಹಳೇ ಕೊಟ್ಟಿಗೆ ಖಾಲಿ ಬಿದ್ದಿತ್ತು. ಮಕ್ಕಳು, ಅಪ್ಪ-ಅಮ್ಮ, ಅಜ್ಜ-ಅಜ್ಜಿ ಎಲ್ಲ ಒಟ್ಟಿಗೆ ಬಂದು ಸುತ್ತಲಿನ ಕಾಡನ್ನು ನೋಡಿ ಕಲಿಯುವ ಜಾಗ ಮಾಡೋಣ ಎಂದು ಐದಾರು ಮನೆಯವರು ಸೇರಿ ಕೈಹಾಕಿದೆವು. ಅಡಿಕೆ ದಬ್ಬೆಯ ಬೆಂಚು ಆಯಿತು. ಗೋಡೆಗೆ ಹಕ್ಕಿಗಳ ಚಾರ್ಟ್ ಬಂತು.

ಎಡವಿದ್ದು ಕಾಲದ ಲೆಕ್ಕದಲ್ಲಿ. ಶಾಲೆಗೆ ರಜೆ ಏಪ್ರಿಲ್, ಮೇ ತಿಂಗಳಲ್ಲಿ ಅಲ್ವಾ, ಹಾಗಾಗಿ ಮೊದಲ ವರ್ಷ ಬೇಸಿಗೆ ಶಿಬಿರ ಇಟ್ಟೆವು. ಆಗ ಹಳ್ಳ ಬತ್ತಿರುತ್ತದೆ, ತೋರಿಸಲು ಹೆಚ್ಚೇನೂ ಇರುವುದಿಲ್ಲ. ಅದಕ್ಕಿಂತ ದೊಡ್ಡ ವಿಷಯ ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣುಗು ಎಂಬ ರಕ್ತ ಹೀರುವ ಸಣ್ಣ ಹುಳ ಕಚ್ಚಿದರೆ ಬರುತ್ತದೆ, ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಟ ಜಾಸ್ತಿ. ದರಕು, ಅಂದರೆ ಒಣಗಿದ ಎಲೆ, ತರಲು ಸೊಪ್ಪಿನಬೆಟ್ಟಕ್ಕೆ ಹೋಗುವವರೇ ಹೆದರುವ ಹೊತ್ತು ಅದು. ಶಿಬಿರಕ್ಕೆ ಬಂದ ಒಬ್ಬ ತಾಯಿ ನೇರವಾಗಿ ಕೇಳಿದರು: "ಅಣ್ಣಾ, ನಿಮ್ಮ ಮಗಳನ್ನ ಈಗ ಬೆಟ್ಟಕ್ಕೆ ಕಳಿಸ್ತೀರಾ?" ಕಳಿಸುತ್ತಿರಲಿಲ್ಲ. ಅವತ್ತೇ ಕಾಡು ಸುತ್ತುವುದನ್ನು ನಿಲ್ಲಿಸಿದೆವು.

ಈಗ ನಮ್ಮ ಕೆಲಸವೆಲ್ಲ ಮಳೆಗಾಲದ ಕಪ್ಪೆಗಳನ್ನು ನೋಡುವುದು, ಅವುಗಳ ಕೂಗು ಕೇಳುವುದು; ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಶನಿವಾರ ಸಂಜೆ 7ರಿಂದ 9. ಮಳೆಯಲ್ಲಿ ಯಾರು ಬರ್ತಾರೆ ಎಂದು ಊರವರೇ ಕೇಳಿದ್ದರು. ಬರುತ್ತಾರೆ. ಒಂದು ಸಲಕ್ಕೆ 12 ಜನ ಸಾಕು, ಅದಕ್ಕಿಂತ ಹೆಚ್ಚಾದರೆ ಕಪ್ಪೆಗಳು ಕೂಗು ನಿಲ್ಲಿಸಿಬಿಡುತ್ತವೆ. ಉಂಬಳಕ್ಕೆ (ಜಿಗಣೆಗೆ) ಹೆದರುವವರಿಗೆ ಉದ್ದ ಸಾಕ್ಸ್, ಜೊತೆಗೆ ಸುಣ್ಣ-ಹೊಗೆಸೊಪ್ಪಿನ ಗಂಟು. ಕಪ್ಪೆಯನ್ನು ಯಾರೂ ಮುಟ್ಟುವಂತಿಲ್ಲ. ಅದರ ಚರ್ಮ ಎಲ್ಲವನ್ನೂ ಹೀರಿಕೊಳ್ಳುತ್ತದೆ, ನಮ್ಮ ಕೈಯಲ್ಲಿ ಸೊಳ್ಳೆ ಕ್ರೀಮ್ ಇರುತ್ತದೆ. ಮೊದಲ ಹತ್ತು ನಿಮಿಷ ಟಾರ್ಚ್ ಆರಿಸಿ ತೋಟದ ಅಂಚಿನಲ್ಲಿ ಸುಮ್ನೆ ನಿಲ್ಲಿಸುತ್ತೇವೆ. ಎಷ್ಟು ಬಗೆಯ ಕೂಗು ಕೇಳಿತು ಎಂದು ಆಮೇಲೆ ಎಣಿಸುವಾಗ ಅಜ್ಜಿಯರೇ ಮುಂದೆ ಇರುತ್ತಾರೆ, ಮಕ್ಕಳು ಎರಡು ಎಂದರೆ ಅವರು ಐದು ಎನ್ನುತ್ತಾರೆ.

ನನಗೆ ತುಂಬಾ ಇಷ್ಟವಾದದ್ದು ಕುಂಬಾರ ಕಪ್ಪೆಯ ಪಾಠ. ಕತ್ತಲೆಕಾನು ಎಂಬ ಕಾಡಿನ ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳಿರುವ ಜವುಗು ನೆಲ, ನಮ್ಮ ಕಡೆಯದೇ, ಅಲ್ಲಿರುವ ಈ ಕಪ್ಪೆಗೆ ವಿಜ್ಞಾನಿಗಳು ಹೆಸರಿಟ್ಟದ್ದು 2014ರಲ್ಲಿ. ಹೆಣ್ಣು ಮೊಟ್ಟೆ ಇಟ್ಟು ಹೋಗುತ್ತದೆ. ಗಂಡು ಹಿಂಗಾಲ ಮೇಲೆ ನಿಂತು, ಮುಂಗಾಲಲ್ಲಿ ಹಳ್ಳದ ಕೆಸರು ಎತ್ತಿ ಆ ಮೊಟ್ಟೆಗಳಿಗೆ ಮೆತ್ತುತ್ತದೆ. ಜಡ್ಡಿಗೆ ನಾವು ಯಾರನ್ನೂ ಕರೆದೊಯ್ಯುವುದಿಲ್ಲ. ಕತ್ತಲೆಯಲ್ಲಿ ಹನ್ನೆರಡು ಜನ ಆ ಮೆತ್ತನೆ ನೆಲ ತುಳಿದರೆ ಮೊಟ್ಟೆ ಉಳಿಯುತ್ತದಾ? ಅದರ ಬದಲು ಕೊಟ್ಟಿಗೆಯಲ್ಲೇ ಒಂದು ಕಡ್ಡಿಗೆ ಮೊಟ್ಟೆಗಳ ಹಾಗೆ ನೆನೆಸಿದ ಸಾಬಕ್ಕಿ ಅಂಟಿಸಿ, ಪಕ್ಕದಲ್ಲಿ ಕೆಸರಿನ ಬಟ್ಟಲು ಇಡುತ್ತೇವೆ. ಇದು ಗಂಡು ಮಾಡುವ ಕೆಲಸ, ಹಾಗಾಗಿ ಅಪ್ಪಂದಿರಿಗೇ ಕೊಡುತ್ತೇವೆ. ಒಂದು ಕಾಳೂ ಬೀಳದ ಹಾಗೆ ಮಣ್ಣು ಮೆತ್ತಬೇಕು. ಪಕ್ಕದಲ್ಲಿ ಕೂತ ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಾರೆ.

ಇನ್ನೊಂದು ತಪ್ಪನ್ನೂ ಹೇಳಬೇಕು. ಅಂಗಳದ ಸಿಮೆಂಟು ತೊಟ್ಟಿಗೆ ಸೊಳ್ಳೆಮರಿ ತಿನ್ನಲಿ ಎಂದು ಗಪ್ಪಿ ಮೀನು ಬಿಟ್ಟಿದ್ದೆವು. ತೊಟ್ಟಿಯ ಮೇಲೆ ಬಾಗಿದ ಕೊಂಬೆಯಲ್ಲಿ ಮರಗಪ್ಪೆ ನೊರೆಯ ಗೂಡು ಕಟ್ಟಿತು. ಕೆಲವು ದಿನಕ್ಕೆ ನೊರೆ ಕರಗಿ ಗೊದಮೊಟ್ಟೆಗಳು ನೀರಿಗೆ ಬೀಳತೊಡಗಿದವು, ಬಿದ್ದದ್ದನ್ನು ಬಿದ್ದ ಹಾಗೆ ಮೀನು ನುಂಗಿದವು. ನೋಡಲೆಂದೇ ಬಂದಿದ್ದ ಮಕ್ಕಳ ಕಣ್ಣೆದುರೇ ಇದಾಯಿತು. ನಾನೇ ಬಿಟ್ಟ ಮೀನು, ಆ ಮಕ್ಕಳಿಗೆ ಏನು ಹೇಳಲಿ? ಹಾಗೇ ಹೇಳಿದೆ. ಮರುದಿನ ಅದೇ ಮಕ್ಕಳು ಜರಡಿ, ಸೊಳ್ಳೆಪರದೆ ತುಂಡು ತಂದು, ಬೆಳಗಿಂದ ಸಂಜೆವರೆಗೆ ನಿಂತು ಒಂದೊಂದೇ ಮೀನು ಹಿಡಿದು ಬಕೆಟ್ಟಿಗೆ ಹಾಕಿದರು. ಹಳ್ಳಕ್ಕೆ ಬಿಡಲಿಲ್ಲ, ಅಲ್ಲೂ ಇದೇ ಗತಿಯಾದೀತು. ಅವು ಈಗ ಜಗಲಿಯ ಗಾಜಿನ ತೊಟ್ಟಿಯಲ್ಲಿವೆ.

ಹಕ್ಕಿ ಚಾರ್ಟ್ ತೆಗೆದ ಗೋಡೆಯಲ್ಲಿ ಮಕ್ಕಳು ಇದ್ದಿಲಿನಿಂದ ಪ್ರತಿ ವರ್ಷದ ಮೊದಲ ನೊರೆಗೂಡಿನ ದಿನ ಬರೆಯುತ್ತಾರೆ. ಕಳೆದ ಮಳೆಗಾಲದ ಸಾಲಿನಲ್ಲಿ ಜೂನ್ 19 ಅಂತಿದೆ, ಅದರ ಕೆಳಗೆ ಚಿಕ್ಕದಾಗಿ "ಮೀನಿಲ್ಲ".